ವಿಮಾನದೊಳಗಿನ ಎಂಜಿನ್ ಸದ್ದು

ಪ್ರಯಾಣಿಕರ ವಿಮಾನದಲ್ಲಿ ಕುಳಿತವರ ಕಿವಿಗೆ ಬೀಳುವ ಮೊರೆತವನ್ನೆಲ್ಲ ಎಂಜಿನ್ನಿನ ಸದ್ದು ಎಂದೇ ಹೇಳುವುದು ರೂಢಿ. ಈ ಮೊರೆತ ಹಾರಾಟದುದ್ದಕ್ಕೂ ಒಂದೇ ಸಮನಾಗಿ ಇರುವುದಿಲ್ಲ. ನೆಲ ಬಿಡುವಾಗ ಜೋರಾಗುತ್ತದೆ, ಒಂದೆರಡು ನಿಮಿಷದಲ್ಲಿ ತಟ್ಟನೆ ತಗ್ಗುತ್ತದೆ, ಮೇಲೇರಿದ ಬಳಿಕ ಬೇರೆ ಬಗೆಯ ಭೋರ್ಗರೆತವಾಗಿ ನೆಲೆಗೊಳ್ಳುತ್ತದೆ, ಇಳಿಯುವ ಹೊತ್ತಿಗೆ ಮತ್ತೆ ಏರಿಳಿಯುತ್ತದೆ. ಮುಂದಿನ ಸಾಲಿನಲ್ಲಿ ಕುಳಿತವರಿಗೆ ಕೇಳಿದ್ದು ಹಿಂದಿನ ಸಾಲಿನವರಿಗೆ ಕೇಳುವುದಿಲ್ಲ. ಒಂದು ವಿಮಾನದಲ್ಲಿ ನೆಮ್ಮದಿಯ ಸೀಟು ಎನಿಸಿದ್ದು ಇನ್ನೊಂದರಲ್ಲಿ ತಲೆ ಹಿಡಿಸುತ್ತದೆ. ಎಂಜಿನ್ನಿನ ಶಕ್ತಿ ಹೆಚ್ಚುಕಡಿಮೆ ಆಗುವುದೊಂದೇ ಇದಕ್ಕೆಲ್ಲ ಕಾರಣ ಎಂಬ ನಂಬಿಕೆ ವ್ಯಾಪಕವಾಗಿದೆ. ಆ ನಂಬಿಕೆ ಅರ್ಧ ಮಾತ್ರ ಸರಿ. ವಿಮಾನದೊಳಗಿನ ಸದ್ದು ಮೂರು ಸಂಗತಿಗಳು ಕೂಡಿ ಆದದ್ದು: ಸದ್ದು ಹುಟ್ಟುವ ಮೂಲಗಳು, ಅದು ಒಳಗೆ ಬರುವ ದಾರಿಗಳು, ಅದನ್ನು ಕೇಳಿಸಿಕೊಳ್ಳುವ ಕಿವಿ. ಹಾರಾಟದ ಹಂತ, ವಿಮಾನದ ಮಾದರಿ, ಸೀಟಿನ ಜಾಗ ಬದಲಾದಂತೆ ಈ ಮೂರರ ಪಾಲು ಬದಲಾಗುತ್ತದೆ. ಎಂಜಿನ್ ಅದೇ ಶಕ್ತಿಯಲ್ಲಿ ತಿರುಗುತ್ತಿದ್ದರೂ ಕೇಳುವ ಸದ್ದು ಬೇರೆಯಾಗಬಹುದು. ಈ ಲೇಖನ ಆ ಪಾಲುಗಳ ಲೆಕ್ಕವನ್ನು ಬಿಡಿಸಿ ನೋಡುತ್ತದೆ.

ಬಾಗಲಕೋಟೆ ಜಿಲ್ಲೆಯ ಪ್ರಯಾಣಿಕರಿಗೆ ಈ ವ್ಯತ್ಯಾಸ ಬೇರೆಯವರಿಗಿಂತ ಹೆಚ್ಚು ಗೋಚರವಾಗುವ ಕಾರಣವಿದೆ. ಬಾದಾಮಿ, ಹುನಗುಂದ, ಇಳಕಲ್ ಕಡೆಯವರು ವಿಮಾನ ಹತ್ತಬೇಕಾದರೆ ಸಾಮಾನ್ಯವಾಗಿ ಹುಬ್ಬಳ್ಳಿಗೋ ಬೆಳಗಾವಿಯ ಸಾಂಬ್ರಾಕ್ಕೋ ಹೋಗುತ್ತಾರೆ. ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಲು ದೂರದಿಂದ ಬರುವ ಪ್ರವಾಸಿಗರಲ್ಲಿಯೂ ಅನೇಕರು ಹುಬ್ಬಳ್ಳಿಯಲ್ಲಿ ಇಳಿಯುತ್ತಾರೆ. ಸ್ಟಾರ್ ಏರ್ ಸಂಸ್ಥೆ 2019ರ ಜನವರಿಯಲ್ಲಿ ಬೆಂಗಳೂರು–ಹುಬ್ಬಳ್ಳಿ ನಡುವೆ ಸೇವೆ ಆರಂಭಿಸಿದ್ದು ಬ್ರೆಜಿಲ್ಲಿನ ಎಂಬ್ರಾಯರ್ ಇಆರ್‌ಜೆ-145 ವಿಮಾನದಿಂದ. 50 ಸೀಟುಗಳ ಈ ವಿಮಾನಕ್ಕೆ ಎರಡು ಜೆಟ್ ಎಂಜಿನ್‌ಗಳು ಬಾಲದ ಬಳಿ, ಒಡಲಿನ ಅಕ್ಕಪಕ್ಕದಲ್ಲೇ ಇರುತ್ತವೆ. 2023ರಲ್ಲಿ ಅದೇ ಸಂಸ್ಥೆ ತಂದ 76 ಸೀಟುಗಳ ಇ-175ರಲ್ಲಿ ಎಂಜಿನ್‌ಗಳು ರೆಕ್ಕೆಯ ಕೆಳಗಿವೆ. ಇಂಡಿಗೋದ ಎಟಿಆರ್ 72-600 ವಿಮಾನಕ್ಕೆ ರೆಕ್ಕೆಯ ಮುಂದೆ ಪ್ರೊಪೆಲ್ಲರ್‌ಗಳಿವೆ. ಅದೇ ಸಂಸ್ಥೆಯ ಏರ್‌ಬಸ್ ಎ320ಕ್ಕೆ ರೆಕ್ಕೆಯ ಕೆಳಗೆ ದೊಡ್ಡ ಜೆಟ್ ಎಂಜಿನ್‌ಗಳಿವೆ. ಹೀಗೆ ಒಂದೇ ಊರಿನಿಂದ ಒಂದೇ ಊರಿಗೆ ಹೋಗಿಬರುವವರು ಮೂರು ಬಗೆಯ ಎಂಜಿನ್ ಜೋಡಣೆಯ ಸದ್ದನ್ನು ಕೇಳಿದ್ದಾರೆ. ಜೊತೆಗೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಾಯುಮಾರ್ಗ 400 ಕಿಲೋಮೀಟರಿಗೂ ಕಡಿಮೆ. ವಿಮಾನ ಮೇಲೇರಿ ಸ್ವಲ್ಪ ಹೊತ್ತಿಗೇ ಇಳಿಯತೊಡಗುವುದರಿಂದ, ಸದ್ದು ಬದಲಾಗುವ ಹಂತಗಳೆಲ್ಲ ಒಂದು ಗಂಟೆಯ ಆಸುಪಾಸಿನಲ್ಲಿ ಒಂದರ ಹಿಂದೊಂದು ಬಂದುಹೋಗುತ್ತವೆ.

ಸದ್ದಿನ ಮೂಲಗಳು

ಜೆಟ್ ಎಂಜಿನ್ನಿನ ಸದ್ದೆಂಬುದು ಹಲವು ಸದ್ದುಗಳ ಮೊತ್ತ. ಅದರ ಹಿಂಬದಿಯಿಂದ ಹೊರಬೀಳುವ ರಭಸದ ಧಾರೆ ಸುತ್ತಲಿನ ಗಾಳಿಯೊಂದಿಗೆ ಬೆರೆಯುವಾಗ ಸುಳಿಗಳೆದ್ದು ಭೋರೆಂಬ ಸದ್ದು ಹುಟ್ಟುತ್ತದೆ. ಈ ಸದ್ದಿನ ಶಕ್ತಿ ಧಾರೆಯ ವೇಗದ ಎಂಟನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ ಎಂದು ಬ್ರಿಟನ್ನಿನ ಗಣಿತಜ್ಞ ಜೇಮ್ಸ್ ಲೈಟ್‌ಹಿಲ್ 1952ರಲ್ಲಿ ತೋರಿಸಿಕೊಟ್ಟರು. ಧಾರೆಯ ವೇಗವನ್ನು ಅರ್ಧಕ್ಕೆ ಇಳಿಸಿದರೆ ಸದ್ದಿನ ಶಕ್ತಿ 256ರಲ್ಲಿ ಒಂದು ಪಾಲಾಗುತ್ತದೆ, ಅಂದರೆ 24 ಡೆಸಿಬೆಲ್ ಇಳಿಯುತ್ತದೆ. ವಿಮಾನಗಳು ಕಳೆದ ಅರವತ್ತು ವರ್ಷಗಳಲ್ಲಿ ಸದ್ದು ಕಡಿಮೆ ಮಾಡಿಕೊಂಡ ಕಥೆಯ ಬಹುಭಾಗ ಈ ಒಂದು ನಿಯಮದಲ್ಲಿದೆ. ಇಂಡಿಯನ್ ಏರ್‌ಲೈನ್ಸ್ 1970ರ ದಶಕದಲ್ಲಿ ಹಾರಿಸುತ್ತಿದ್ದ ಬೋಯಿಂಗ್ 737-200ರ ಎಂಜಿನ್‌ನಲ್ಲಿ ಉರಿಯುವ ಒಳಭಾಗದ ಮೂಲಕ ಹೋಗುವ ಗಾಳಿಯೂ ಅದನ್ನು ಬಳಸಿ ಹೊರಗಿನಿಂದ ಹೋಗುವ ಗಾಳಿಯೂ ಹೆಚ್ಚುಕಡಿಮೆ ಸಮನಾಗಿದ್ದವು. ಈಗಿನ ಎ320 ನಿಯೋದ ಲೀಪ್ ಎಂಜಿನ್‌ನಲ್ಲಿ ಒಳಗೆ ಹೋಗುವ ಒಂದು ಕಿಲೋ ಗಾಳಿಗೆ ಹೊರಗಿನಿಂದ ಸುಮಾರು 11 ಕಿಲೋ ಹೋಗುತ್ತದೆ. ಹೆಚ್ಚು ಗಾಳಿಯನ್ನು ನಿಧಾನವಾಗಿ ನೂಕಿ ಅದೇ ಬಲವನ್ನು ಪಡೆಯುವ ಈ ವಿಧಾನದಿಂದ ಧಾರೆಯ ಆರ್ಭಟ ತಗ್ಗಿದೆ.

ಆದರೆ ಅಷ್ಟು ಗಾಳಿಯನ್ನು ನೂಕಲು ದೊಡ್ಡ ಫ್ಯಾನ್ ಬೇಕು, ಆ ಫ್ಯಾನಿಗೆ ತನ್ನದೇ ಸದ್ದಿದೆ. ಲೀಪ್-1ಎ ಎಂಜಿನ್ನಿನ ಫ್ಯಾನಿಗೆ 18 ಅಲಗುಗಳು, ವ್ಯಾಸ 1.98 ಮೀಟರ್. ಪೂರ್ಣ ಬಲದ ಹತ್ತಿರ ಅದು ನಿಮಿಷಕ್ಕೆ ಸುಮಾರು 3,900 ಸುತ್ತು ತಿರುಗುವಾಗ ಅಲಗಿನ ತುದಿಯ ವೇಗ ಸೆಕೆಂಡಿಗೆ 400 ಮೀಟರ್ ಆಗುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 349 ಮೀಟರ್. ತುದಿ ಶಬ್ದದ ವೇಗವನ್ನು ಮೀರಿದ್ದರಿಂದ ಪ್ರತಿ ಅಲಗಿನ ಮುಂದೆ ಒಂದೊಂದು ಆಘಾತ ತರಂಗ ಏಳುತ್ತದೆ. ಅಲಗುಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಅಚ್ಚಿನಂತಿದ್ದರೆ ಸೆಕೆಂಡಿಗೆ 1,170 ಬಾರಿ ಕಂಪಿಸುವ ಒಂದೇ ಸ್ವರ ಕೇಳಬೇಕಿತ್ತು. ತಯಾರಿಕೆಯಲ್ಲಿ ಉಳಿಯುವ ಅತಿಸಣ್ಣ ವ್ಯತ್ಯಾಸಗಳಿಂದ ಆ ತರಂಗಗಳು ಏರುಪೇರಾಗಿ, ಇಡೀ ಫ್ಯಾನಿನ ಸುತ್ತಿನ ಲೆಕ್ಕದಲ್ಲಿ, ಅಂದರೆ 65 ಹರ್ಟ್ಜ್ ಮತ್ತು ಅದರ ಗುಣಕಗಳಲ್ಲಿ, ಹಲವು ಸ್ವರಗಳು ಒಟ್ಟಿಗೆ ಹೊರಡುತ್ತವೆ. ಎಂಜಿನಿಯರುಗಳ ಬಾಯಲ್ಲಿ ಇದಕ್ಕೆ ಗರಗಸದ ಸದ್ದು ಎಂದೇ ಹೆಸರು. ಇದು ಎಂಜಿನ್ನಿನ ಬಾಯಿಂದ ಮುಂದಕ್ಕೆ ಹರಡುವುದರಿಂದ ರೆಕ್ಕೆಗಿಂತ ಮುಂದೆ ಕುಳಿತವರಿಗೆ ಹೆಚ್ಚು ಕೇಳುತ್ತದೆ. ಎ320 ನಿಯೋಗೆ ಬಳಸುವ ಇನ್ನೊಂದು ಎಂಜಿನ್, ಪ್ರಾಟ್ ಅಂಡ್ ವಿಟ್ನಿ ಪಿಡಬ್ಲ್ಯು1100ಜಿ, ನಡುವೆ ಗೇರ್ ಇಟ್ಟು ಫ್ಯಾನನ್ನು ಟರ್ಬೈನಿನ ವೇಗದ ಮೂರನೇ ಒಂದು ಪಾಲಿಗೆ ಇಳಿಸುತ್ತದೆ. ಹೊರಗಿನಿಂದ ಒಂದೇ ಥರ ಕಾಣುವ ಎರಡು ಎ320ಗಳು ಒಳಗೆ ಬೇರೆ ಬೇರೆಯಾಗಿ ಕೇಳುವುದು ಇದರಿಂದಲೇ.

ಮೂರನೆಯ ಮೂಲಕ್ಕೂ ಎಂಜಿನ್ನಿಗೂ ನೇರ ಸಂಬಂಧವೇ ಇಲ್ಲ. ವಿಮಾನದ ಮೈಗೆ ಅಂಟಿಕೊಂಡು ಹರಿಯುವ ಗಾಳಿಯ ತೆಳು ಪದರದಲ್ಲಿ ಲೆಕ್ಕವಿಲ್ಲದಷ್ಟು ಸುಳಿಗಳು ಏಳುತ್ತವೆ. ಅವು ಹೊರಗಿನ ತಗಡನ್ನು ಬಿಡುವಿಲ್ಲದೆ ಬಡಿಯುತ್ತವೆ. ಈ ಬಡಿತದ ಒತ್ತಡ ಗಾಳಿಯ ಸಾಂದ್ರತೆಗೂ ವೇಗದ ವರ್ಗಕ್ಕೂ ಅನುಗುಣವಾಗಿರುತ್ತದೆ. ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಎತ್ತರದ ಹುಬ್ಬಳ್ಳಿಯಲ್ಲಿ ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿ ನೆಲ ಬಿಡುವ ವಿಮಾನವನ್ನೂ, 35,000 ಅಡಿ ಎತ್ತರದಲ್ಲಿ ಗಂಟೆಗೆ 830 ಕಿಲೋಮೀಟರ್ ವೇಗದಲ್ಲಿ ಹಾರುವ ಅದೇ ವಿಮಾನವನ್ನೂ ಹೋಲಿಸಿ ನೋಡಬಹುದು. ಮೇಲೆ ಗಾಳಿಯ ಸಾಂದ್ರತೆ ಮೂರನೇ ಒಂದು ಪಾಲಿಗೆ ಇಳಿದಿರುತ್ತದೆ. ಆದರೂ ವೇಗದ ವರ್ಗ ಹನ್ನೊಂದು ಪಟ್ಟಾಗುವುದರಿಂದ ಬಡಿತದ ಒತ್ತಡ ಸುಮಾರು ಮೂರೂವರೆ ಪಟ್ಟು ಏರುತ್ತದೆ, ಅಂದರೆ 11 ಡೆಸಿಬೆಲ್‌ನಷ್ಟು. ಇದಲ್ಲದೆ ಏಸಿಯ ಗಾಳಿ ಕೊಳವೆಗಳಿಂದ ನುಗ್ಗುವ ಸುಯ್ಯೆಂಬ ಸದ್ದು, ಹೈಡ್ರಾಲಿಕ್ ಪಂಪುಗಳ ಸದ್ದು, ಚಕ್ರ ಮತ್ತು ಫ್ಲ್ಯಾಪ್‌ಗಳ ಸದ್ದು ಸೇರುತ್ತವೆ. ಎ320 ನೆಲದ ಮೇಲೆ ಒಂದೇ ಎಂಜಿನ್ ಚಾಲೂ ಇಟ್ಟು ಚಲಿಸುವಾಗ ನೆಲಹಾಸಿನ ಕೆಳಗಿನಿಂದ ತಡೆತಡೆದು ಬರುವ ಗರ್ ಎಂಬ ಸದ್ದು, ಒಂದು ಹೈಡ್ರಾಲಿಕ್ ವ್ಯವಸ್ಥೆಯಿಂದ ಇನ್ನೊಂದಕ್ಕೆ ಒತ್ತಡ ದಾಟಿಸುವ ಘಟಕದ್ದು. ಅದು ರಿಪೇರಿಯ ಸೂಚನೆಯಲ್ಲ, ಆ ಘಟಕ ಕೆಲಸ ಮಾಡುವ ರೀತಿಯೇ ಹಾಗೆ.

ಹಾರಾಟದ ಹಂತಗಳು

ನೆಲ ಬಿಟ್ಟ ಮೇಲೆ ಎಂಜಿನ್ನಿನ ದನಿ ಒಮ್ಮೆಲೇ ಕುಗ್ಗುವುದು ಪ್ರಯಾಣಿಕರಲ್ಲಿ ಹೆಚ್ಚು ಅಳುಕು ಹುಟ್ಟಿಸುವ ಬದಲಾವಣೆ. ಹೊಟ್ಟೆಯಲ್ಲಿ ಇಳಿದಂತೆ ಆಗುವುದೂ ಅದೇ ಕ್ಷಣದಲ್ಲಾದ್ದರಿಂದ ಎಂಜಿನ್ ಸೋತಿತೇನೋ ಎನಿಸುತ್ತದೆ. ಇಲ್ಲಿ ನಡೆದಿರುವುದು ಯೋಜಿತ ಕ್ರಮ: ನೆಲದಿಂದ ಸಾಮಾನ್ಯವಾಗಿ 800ರಿಂದ 1,500 ಅಡಿ ಮೇಲಕ್ಕೆ ಹೋದ ಬಳಿಕ ಪೈಲಟ್‌ಗಳು ಎಂಜಿನ್‌ಗಳನ್ನು ಟೇಕಾಫ್ ಬಲದಿಂದ ಏರುಹಾದಿಯ ಬಲಕ್ಕೆ ಇಳಿಸುತ್ತಾರೆ. ಬಲದ ಇಳಿಕೆ ಸ್ವಲ್ಪವೇ ಇದ್ದರೂ ಸದ್ದಿನ ಇಳಿಕೆ ದೊಡ್ಡದಾಗಿ ಕೇಳುತ್ತದೆ. ಧಾರೆಯ ಸದ್ದು ಎಂಟನೆಯ ಘಾತದ ನಿಯಮದಂತೆ ಕುಸಿಯುವುದು ಒಂದು ಕಾರಣ. ಫ್ಯಾನಿನ ತುದಿ ಶಬ್ದದ ವೇಗದತ್ತ ಇಳಿದು ಗರಗಸದ ಸದ್ದು ಬಹುಪಾಲು ಅಡಗುವುದು ಇನ್ನೊಂದು. ಟೇಕಾಫ್ ಬಲವೂ ದಿನದಿನಕ್ಕೆ ಬೇರೆ. ವಿಮಾನ ಹಗುರವಾಗಿದ್ದು, ಹವೆ ತಂಪಾಗಿದ್ದು, ರನ್‌ವೇ ಸಾಕಷ್ಟು ಉದ್ದವಿದ್ದರೆ, ಎಂಜಿನ್ನಿನ ಆಯುಷ್ಯ ಉಳಿಸಲು ಪೂರ್ಣಕ್ಕಿಂತ ಕಡಿಮೆ ಬಲದಲ್ಲೇ ಹಾರುತ್ತಾರೆ. ತುಂಬಿದ ವಿಮಾನ ಏಪ್ರಿಲ್ ಮಧ್ಯಾಹ್ನದ ಬಿಸಿಲಿನಲ್ಲಿ ಹೊರಟಾಗ ಆ ಉಳಿತಾಯಕ್ಕೆ ಅವಕಾಶ ಕಡಿಮೆ. ಒಂದೇ ಮಾರ್ಗದ ಒಂದೇ ವಿಮಾನ ಡಿಸೆಂಬರಿನ ಬೆಳಗ್ಗೆಗೂ ಏಪ್ರಿಲ್ ಮಧ್ಯಾಹ್ನಕ್ಕೂ ಬೇರೆಯಾಗಿ ಕೇಳಿದರೆ ಆಶ್ಚರ್ಯವಿಲ್ಲ.

ಮೇಲೇರಿದ ಬಳಿಕ ಲೆಕ್ಕ ತಿರುವುಮುರುವಾಗುತ್ತದೆ. ಆಧುನಿಕ ಜೆಟ್‌ಗಳಲ್ಲಿ ಮುಂದಿನ ಮತ್ತು ನಡುವಿನ ಸಾಲುಗಳಲ್ಲಿ ಕೇಳುವ ಭೋರ್ಗರೆತದ ದೊಡ್ಡ ಪಾಲು ಮೈಮೇಲೆ ಹರಿಯುವ ಗಾಳಿಯದು. ಡೆಸಿಬೆಲ್‌ಗಳನ್ನು ಕೂಡುವ ರೀತಿ ತಿಳಿದರೆ ಇದರ ಪರಿಣಾಮ ಅರ್ಥವಾಗುತ್ತದೆ. ಸಮನಾದ ಎರಡು ಸದ್ದುಗಳು ಸೇರಿದರೆ ಒಟ್ಟು ಏರುವುದು 3 ಡೆಸಿಬೆಲ್ ಮಾತ್ರ. ಒಂದು ಸದ್ದು ಇನ್ನೊಂದಕ್ಕಿಂತ 10 ಡೆಸಿಬೆಲ್ ಕೆಳಗಿದ್ದರೆ ಅದು ಒಟ್ಟಿಗೆ ಅರ್ಧ ಡೆಸಿಬೆಲ್ಲನ್ನೂ ಕೂಡಿಸುವುದಿಲ್ಲ. ಗಾಳಿಯ ಬಡಿತ ಎಂಜಿನ್ನಿಗಿಂತ ಅಷ್ಟು ಮೇಲಿರುವ ಸೀಟಿನಲ್ಲಿ ಎಂಜಿನ್ನಿನ ಸದ್ದನ್ನು ಪೂರ್ತಿ ತೆಗೆದುಹಾಕಿದರೂ ಕಿವಿಗೆ ವ್ಯತ್ಯಾಸ ತಿಳಿಯದು. ಹಿಂದಿನ ಸಾಲುಗಳಲ್ಲಿ ಮಾತ್ರ ಎಂಜಿನ್ ತನ್ನ ಪಾಲನ್ನು ಬಿಟ್ಟುಕೊಡುವುದಿಲ್ಲ. ಎತ್ತರದ ತೆಳು ಗಾಳಿಯಲ್ಲಿ ಹೊರಬೀಳುವ ಧಾರೆಯೊಳಗೆ ಆಘಾತಗಳ ಸಾಲು ಏರ್ಪಡುತ್ತದೆ. ಸುಳಿಗಳು ಅದನ್ನು ಹಾಯುವಾಗ ಹುಟ್ಟುವ ಸದ್ದು ಹಿಂಬದಿಯ ಒಡಲಿಗೆ ತಾಗುತ್ತದೆ. ಬೋಯಿಂಗ್ 787ರ ಎಂಜಿನ್ ಹೊದಿಕೆಯ ಹಿಂದಿನ ಅಂಚು ಹಲ್ಲುಹಲ್ಲಾಗಿರುವ ಉದ್ದೇಶಗಳಲ್ಲಿ ಈ ಸದ್ದನ್ನು ಮುರಿಯುವುದೂ ಒಂದು.

ಜೆಟ್ ವಿಮಾನ ತನ್ನ ಸದ್ದನ್ನು ಹಿಂದೆ ಬಿಟ್ಟು ಓಡುತ್ತದೆ, ಹಾಗಾಗಿ ಒಳಗಿನವರಿಗೆ ಎಂಜಿನ್ ಕೇಳುವುದೇ ಇಲ್ಲ ಎಂಬ ಆಕ್ಷೇಪ ಆಗಾಗ ಬರುತ್ತದೆ. ಶಬ್ದದ ವೇಗವನ್ನು ಮೀರಿ ಹಾರಿದ ಕಾಂಕಾರ್ಡ್‌ನಂಥ ವಿಮಾನದ ಹೊರಗಿನ ಗಾಳಿಗೆ ಈ ಮಾತು ಸಲ್ಲುತ್ತದೆ. ಎ320 ಹಾರುವುದು ಶಬ್ದದ ವೇಗದ 78 ಪ್ರತಿಶತದಲ್ಲಿ. ಹಿಂದಿನ ಧಾರೆಯಿಂದ ಹೊರಟ ಸದ್ದು, ವಿಮಾನದಲ್ಲಿ ಕುಳಿತು ನೋಡಿದರೆ, ಉಳಿದ 22 ಪ್ರತಿಶತದ ವೇಗದಲ್ಲಿ ಮುಂದಕ್ಕೆ ಬರುತ್ತಲೇ ಇರುತ್ತದೆ. ಕಾಂಕಾರ್ಡ್‌ನಲ್ಲಿಯೂ ಒಳಗಿನ ಗಾಳಿ, ಲೋಹದ ಚೌಕಟ್ಟು ವಿಮಾನದೊಂದಿಗೇ ಚಲಿಸುತ್ತಿದ್ದುದರಿಂದ ಎಂಜಿನ್ನಿನ ನಡುಕಕ್ಕೆ ಒಳದಾರಿ ತೆರೆದೇ ಇತ್ತು. ಇಳಿಯುವ ಹಂತದಲ್ಲಿ ಎಂಜಿನ್‌ಗಳು ಬಹುಪಾಲು ಕನಿಷ್ಠ ಬಲದಲ್ಲಿರುತ್ತವೆ. ಆಗ ಕೇಳುವ ಹೊಸ ಸದ್ದುಗಳು ರೆಕ್ಕೆಯ ಮೇಲೆ ಏಳುವ ತಡೆಹಲಗೆಗಳದ್ದು, ಚಾಚಿಕೊಳ್ಳುವ ಫ್ಲ್ಯಾಪ್‌ಗಳದ್ದು, ಗಾಳಿಗೆ ಒಡ್ಡಿಕೊಂಡ ಚಕ್ರಗಳದ್ದು. ಇವು ಗಾಳಿಗೆ ಅಡ್ಡ ಬಂದಷ್ಟೂ ವೇಗ ಉಳಿಸಿಕೊಳ್ಳಲು ಎಂಜಿನ್ ಮತ್ತೆ ಬಲ ಕೊಡಬೇಕಾಗುತ್ತದೆ, ದನಿ ಮತ್ತೆ ಏರುತ್ತದೆ. ನೆಲ ಮುಟ್ಟಿದ ಬಳಿಕ ಧಾರೆಯನ್ನು ಮುಂದಕ್ಕೆ ತಿರುಗಿಸಿ ವೇಗ ತಡೆಯುವಾಗ ಕೆಲವು ಸೆಕೆಂಡುಗಳ ಆರ್ಭಟವಿರುತ್ತದೆ. ಈ ಪ್ರತಿಯೊಂದು ಬದಲಾವಣೆಯೂ ಹಾರಾಟದ ಕ್ರಮದ ಭಾಗ. ಸದ್ದು ಬದಲಾಯಿತು ಎಂಬುದರಿಂದಲೇ ಎಂಜಿನ್ನಿನ ಆರೋಗ್ಯವನ್ನು ಊಹಿಸಲಾಗದು.

ಎಂಜಿನ್ನಿನ ಜಾಗ, ಸೀಟಿನ ಜಾಗ

ಹಿಂದಿನ ಸೀಟು ಗದ್ದಲದ್ದು, ಮುಂದಿನದು ಶಾಂತ ಎಂಬ ಸಲಹೆ ಹಳೆಯದು. ಅದಕ್ಕೆ ಆಧಾರವೂ ಇದೆ. 1955ರಲ್ಲಿ ಮೊದಲು ಹಾರಿದ ಫ್ರಾನ್ಸಿನ ಕ್ಯಾರವೆಲ್ ಎಂಜಿನ್‌ಗಳನ್ನು ರೆಕ್ಕೆಯಿಂದ ತೆಗೆದು ಬಾಲದ ಪಕ್ಕಕ್ಕೆ ಒಯ್ದಿತು. ಅದರ ಮುಂಭಾಗದ ನಿಶ್ಶಬ್ದ ಆ ಕಾಲಕ್ಕೆ ಹೊಸ ಅನುಭವ. 1964ರಿಂದ ಇಂಡಿಯನ್ ಏರ್‌ಲೈನ್ಸ್ ಕೂಡ ಕ್ಯಾರವೆಲ್ ಹಾರಿಸಿತು. ಹುಬ್ಬಳ್ಳಿ, ಬೆಳಗಾವಿಗೆ ಬಂದ ಇಆರ್‌ಜೆ-145 ಅದೇ ಜೋಡಣೆಯ ಸಣ್ಣ ವಿಮಾನ. ಅದರ ಮುಂದಿನ ಸಾಲುಗಳಿಗೂ ಎಂಜಿನ್ನಿಗೂ ಒಡಲಿನ ಬಹುತೇಕ ಉದ್ದದಷ್ಟು ಅಂತರವಿರುವುದರಿಂದ ಅಲ್ಲಿ ಗಾಳಿಯ ಸದ್ದೇ ಮುಖ್ಯ. ಹಿಂದಿನ ಸಾಲುಗಳಲ್ಲಿ ಎಂಜಿನ್ ಪಕ್ಕದಲ್ಲೇ ಇದೆ. ಜೊತೆಗೆ ತಿರುಗುವ ಭಾಗಗಳ ಅಲ್ಪಸ್ವಲ್ಪ ತೂಕದ ಏರುಪೇರಿನಿಂದ ಏಳುವ ನಡುಕ ಎಂಜಿನ್ ಹಿಡಿದಿರುವ ತೋಳಿನ ಮೂಲಕ ನೇರ ಒಡಲಿನ ಚೌಕಟ್ಟಿಗೇ ಇಳಿಯುತ್ತದೆ. ರೆಕ್ಕೆಯ ಕೆಳಗಿನ ಎಂಜಿನ್ನಿನ ನಡುಕ ಒಡಲು ಸೇರಬೇಕಾದರೆ ರೆಕ್ಕೆಯನ್ನು ಹಾದು ಬರಬೇಕು, ಆ ದಾರಿಯಲ್ಲಿ ಸಾಕಷ್ಟು ಸೋರಿಹೋಗುತ್ತದೆ.

ಎಟಿಆರ್ 72 ಈ ಹಳೆಯ ಸಲಹೆಯನ್ನು ತಲೆಕೆಳಗು ಮಾಡುತ್ತದೆ. ಅದರ ಮುಂಭಾಗದಲ್ಲಿ ಸಾಮಾನಿನ ಕೋಣೆ, ಪ್ರಯಾಣಿಕರು ಹತ್ತುವುದು ಹಿಂದಿನ ಬಾಗಿಲಿನಿಂದ. ಪ್ರೊಪೆಲ್ಲರ್‌ಗಳು ತಿರುಗುವುದು ಮುಂದಿನ ಸಾಲುಗಳ ಕಡೆಯಲ್ಲಿ, ಒಡಲಿನ ಮಗ್ಗುಲಲ್ಲೇ. ಆರು ಅಲಗುಗಳ ಈ ಪ್ರೊಪೆಲ್ಲರ್ ಟೇಕಾಫ್‌ನಲ್ಲಿ ನಿಮಿಷಕ್ಕೆ 1,200 ಸುತ್ತು ತಿರುಗುತ್ತದೆ. ಸೆಕೆಂಡಿಗೆ 20 ಸುತ್ತು, ಸುತ್ತಿಗೆ ಆರು ಅಲಗು, ಅಂದರೆ ಒಡಲಿಗೆ ಸೆಕೆಂಡಿಗೆ 120 ಪೆಟ್ಟು. ಸಮತಟ್ಟು ಹಾರಾಟದಲ್ಲಿ ವೇಗವನ್ನು 82 ಪ್ರತಿಶತಕ್ಕೆ ಇಳಿಸಿದಾಗ ಅದು ಸುಮಾರು 98 ಆಗುತ್ತದೆ. ಪ್ರಯಾಣಿಕರಿಗೆ ಸ್ವರ ಒಂದು ಮೆಟ್ಟಿಲು ಇಳಿದಂತೆ ಕೇಳುವುದು ಇದೇ ಕಾರಣಕ್ಕೆ. ಈ ವಿಮಾನದಲ್ಲಿ ಹಿಂದಿನ ಸಾಲುಗಳೇ ಹೆಚ್ಚು ನೆಮ್ಮದಿಯವು. ಸ್ಪೈಸ್‌ಜೆಟ್ ಈ ಭಾಗಕ್ಕೆ ತಂದಿದ್ದ ಬೊಂಬಾರ್ಡಿಯರ್ ಕ್ಯೂ400 ಇದೇ ಜಾತಿಯದು; ಅದರ ಹೆಸರಿನ ಕ್ಯೂ ಅಕ್ಷರ ನಿಶ್ಶಬ್ದವನ್ನು ಸೂಚಿಸುವಂಥದ್ದು. ಪ್ರೊಪೆಲ್ಲರಿನ ಸ್ವರವನ್ನು ಮೈಕ್ರೊಫೋನ್‌ಗಳಿಂದ ಅಳೆದು, ಒಡಲಿನ ಚೌಕಟ್ಟಿಗೆ ಜೋಡಿಸಿದ ಕಂಪಕಗಳಿಂದ ಎದುರು ಕಂಪನ ಕೊಟ್ಟು ಅದನ್ನು ಹತ್ತಿಕ್ಕುವ ವ್ಯವಸ್ಥೆ ಅದರಲ್ಲಿದೆ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿ 2004ರ ಮೇ 29ರಂದು ಮೊದಲು ಹಾರಿಸಿದ ಸರಸ್ ವಿಮಾನ ಬೇರೆ ದಾರಿ ಹಿಡಿಯಿತು. ಅದರ ಪ್ರೊಪೆಲ್ಲರ್‌ಗಳು ಹಿಂಭಾಗದಲ್ಲಿದ್ದು ವಿಮಾನವನ್ನು ಹಿಂದಿನಿಂದ ನೂಕುತ್ತವೆ. ಆದ್ದರಿಂದ ಸೀಟುಗಳ ಮಗ್ಗುಲಿಗೆ ಅವು ಬರುವುದಿಲ್ಲ. ಮೂಲವನ್ನು ಕೇಳುಗರಿಂದ ದೂರವಿಡುವುದು, ಎದುರು ಸದ್ದಿನಿಂದ ಅದನ್ನು ಅಳಿಸುವುದು: ಎರಡೂ ಒಂದೇ ಸಮಸ್ಯೆಗೆ ಕೊಟ್ಟ ಉತ್ತರಗಳು.

ಎ320, ಇ-175ರಂಥ ವಿಮಾನಗಳಲ್ಲಿ ಸೀಟಿನ ಲೆಕ್ಕ ಇವೆರಡರ ನಡುವಿನದು. ಎಂಜಿನ್ನಿನ ಬಾಯಿಗಿಂತ ಮುಂದಿನ ಸಾಲುಗಳಿಗೆ ಏರುವಾಗ ಫ್ಯಾನಿನ ಸದ್ದು, ರೆಕ್ಕೆಯ ಹಿಂದಿನವರಿಗೆ ಧಾರೆಯ ಸದ್ದು ಹೆಚ್ಚು. ಎರಡು ಎಂಜಿನ್ ಇರುವ ಯಾವ ವಿಮಾನದಲ್ಲಿಯೂ ಕೇಳಬಹುದಾದ ಇನ್ನೊಂದು ಏರಿಳಿತವಿದೆ: ಉಯ್ಯೆಂದು ಎದ್ದು, ಕುಗ್ಗಿ, ಮತ್ತೆ ಏಳುವ ದನಿ. ಒಂದು ಎಂಜಿನ್ ನಿಮಿಷಕ್ಕೆ 3,000 ಸುತ್ತು, ಇನ್ನೊಂದು 3,030 ಸುತ್ತು ತಿರುಗುತ್ತಿದ್ದರೆ ಅವುಗಳ ಸ್ವರಗಳು 50 ಮತ್ತು 50.5 ಹರ್ಟ್ಜ್. ಎರಡೂ ಕೂಡಿದಾಗ ಪ್ರತಿ ಎರಡು ಸೆಕೆಂಡಿಗೊಮ್ಮೆ ಸದ್ದು ಏರಿ ಇಳಿಯುತ್ತದೆ. ಭೌತಶಾಸ್ತ್ರ ಇದನ್ನು ವಿಸ್ಪಂದ ಎನ್ನುತ್ತದೆ. ಎಂಜಿನ್‌ಗಳು ಎರಡೂ ಸರಿಯಾಗಿಯೇ ಇವೆ. ಅವುಗಳ ವೇಗವನ್ನು ಇನ್ನಷ್ಟು ಹೊಂದಿಸಿದರೆ ಏರಿಳಿತ ನಿಧಾನವಾಗಿ ಮಾಯವಾಗುತ್ತದೆ.

ಒಳಗೆ ಬರುವ ದಾರಿ

ಹೊರಗಿನ ಸದ್ದು ಒಳಬರದಂತೆ ಗೋಡೆಯನ್ನು ಇನ್ನಷ್ಟು ದಪ್ಪ ಮಾಡಬಾರದೇಕೆ ಎಂಬುದು ಸಹಜ ಪ್ರಶ್ನೆ. ಸದ್ದು ತಡೆಯುವ ಗೋಡೆಯ ಸಾಮರ್ಥ್ಯ ಅದರ ತೂಕವನ್ನು ಅವಲಂಬಿಸಿದೆ: ತೂಕ ಇಮ್ಮಡಿಯಾದರೆ ಸಿಗುವ ಲಾಭ ಸುಮಾರು 6 ಡೆಸಿಬೆಲ್. ವಿಮಾನದ ಹೊರ ತಗಡಿನ ದಪ್ಪ ಒಂದೆರಡು ಮಿಲಿಮೀಟರ್. ಅದನ್ನು ಇಮ್ಮಡಿ ಮಾಡಿದರೆ ಟನ್ನುಗಟ್ಟಲೆ ಭಾರ ಏರಿ, ಪ್ರಯಾಣಿಕರ ಸಂಖ್ಯೆಯನ್ನೋ ಹಾರುವ ದೂರವನ್ನೋ ಕಡಿಮೆ ಮಾಡಬೇಕಾಗುತ್ತದೆ. ಆದ್ದರಿಂದ ತಗಡು ಮತ್ತು ಒಳಹಲಗೆಯ ನಡುವೆ ಗಾಜಿನ ಎಳೆಗಳ ಹಗುರ ಹೊದಿಕೆ ತುಂಬುತ್ತಾರೆ. ಇದು ತೀಕ್ಷ್ಣ ಸ್ವರಗಳನ್ನು ಚೆನ್ನಾಗಿ ಹೀರುತ್ತದೆ, ಮಂದ್ರ ಸ್ವರಗಳ ಮುಂದೆ ಸೋಲುತ್ತದೆ. 100 ಹರ್ಟ್ಜ್ ಸ್ವರದ ಅಲೆಯ ಉದ್ದ 3.4 ಮೀಟರ್, ಕೆಲವು ಸೆಂಟಿಮೀಟರ್ ದಪ್ಪದ ಹೊದಿಕೆ ಅದಕ್ಕೆ ಅಡ್ಡಿಯೇ ಅಲ್ಲ. ತೂಕದ ನಿಯಮದಂತೆಯೂ ಅದೇ ಗೋಡೆ 1,600 ಹರ್ಟ್ಜ್‌ಗೆ ಒಡ್ಡುವ ತಡೆಗಿಂತ 100 ಹರ್ಟ್ಜ್‌ಗೆ ಒಡ್ಡುವ ತಡೆ 24 ಡೆಸಿಬೆಲ್ ಕಡಿಮೆ. ಹೊರಗಿನ ಕಿರುಚು ಹೊರಗೇ ಉಳಿದು, ಮೊರೆತ ಮಾತ್ರ ಒಳಗೆ ದಾಟುವುದು ಹೀಗೆ.

ದಾಟಿ ಬಂದ ಮಂದ್ರ ಸ್ವರವೂ ಒಳಗೆ ಸಮನಾಗಿ ಹರಡುವುದಿಲ್ಲ. ಎಟಿಆರ್ ಕ್ಯಾಬಿನ್ನಿನ ಅಗಲ ಸುಮಾರು 2.6 ಮೀಟರ್, ಅಂದರೆ ಪ್ರೊಪೆಲ್ಲರ್ ಸ್ವರದ ಅಲೆಯ ಉದ್ದದ ಆಸುಪಾಸಿನದೇ. ಎದುರುಬದುರು ಗೋಡೆಗಳಿಂದ ಪ್ರತಿಫಲಿಸಿದ ಅಲೆಗಳು ಕೂಡಿ ಕೆಲವೆಡೆ ಬಲಗೊಳ್ಳುತ್ತವೆ, ಕೆಲವೆಡೆ ಒಂದನ್ನೊಂದು ಕಳೆಯುತ್ತವೆ. ಬಲಗೊಂಡ ಜಾಗಕ್ಕೂ ಕಳೆದ ಜಾಗಕ್ಕೂ ನಡುವೆ ಕಾಲು ಅಲೆಯಷ್ಟು, ಅಂದರೆ ಸುಮಾರು 85 ಸೆಂಟಿಮೀಟರ್ ಅಂತರ. ಕಿಟಕಿಯ ಸೀಟಿನಿಂದ ನಡುದಾರಿಯ ಸೀಟಿಗೆ ಸರಿದರೆ, ಕೆಲವೊಮ್ಮೆ ಮುಂದಕ್ಕೆ ಬಾಗಿದರೂ ಗುಂಯ್‌ಗುಡುವಿಕೆ ಬದಲಾದಂತೆ ಎನಿಸುವುದು ಭ್ರಮೆಯಲ್ಲ. ತುಂಬಿದ ವಿಮಾನದಲ್ಲಿ ಜನರ ಮೈ, ಬಟ್ಟೆಗಳು ತೀಕ್ಷ್ಣ ಸ್ವರಗಳನ್ನು ಇನ್ನಷ್ಟು ಹೀರುವುದರಿಂದ ಖಾಲಿ ವಿಮಾನಕ್ಕೂ ತುಂಬಿದ್ದಕ್ಕೂ ಸ್ವಲ್ಪ ಅಂತರವಿರುತ್ತದೆ.

ಕೇಳುವ ಕಿವಿ

ಇಷ್ಟೆಲ್ಲ ವ್ಯತ್ಯಾಸ ಕೇಳುವವರ ಕಲ್ಪನೆ, ಉಪಕರಣದಿಂದ ಅಳೆದರೆ ವಿಮಾನಗಳ ನಡುವೆ ಅಂತರ ಚಿಕ್ಕದು ಎಂದು ವಾದಿಸುವವರೂ ಉಂಟು. ಸಮತಟ್ಟು ಹಾರಾಟದಲ್ಲಿ ಕ್ಯಾಬಿನ್ನಿನ ಮಟ್ಟ ಸಾಮಾನ್ಯವಾಗಿ 75ರಿಂದ 85 ಡೆಸಿಬೆಲ್ ನಡುವೆ ಇರುತ್ತದೆ ಎಂಬುದು ನಿಜ. ಆದರೆ ಈ ಅಂಕಿ ಎ-ತೂಕದ ಮಾಪಕದ್ದು. ಕಿವಿ ಮಂದ್ರ ಸ್ವರಗಳಿಗೆ ಕಡಿಮೆ ಸ್ಪಂದಿಸುತ್ತದೆ ಎಂಬ ಲೆಕ್ಕದಲ್ಲಿ ಆ ಮಾಪಕ 100 ಹರ್ಟ್ಜ್ ಸ್ವರದಿಂದ 19 ಡೆಸಿಬೆಲ್, 50 ಹರ್ಟ್ಜ್ ಸ್ವರದಿಂದ 30 ಡೆಸಿಬೆಲ್ ಕಳೆದುಬಿಡುತ್ತದೆ. ಪ್ರೊಪೆಲ್ಲರಿನ ಪೆಟ್ಟು ಎದೆಗೆ, ಸೀಟಿಗೆ ತಾಗಿದರೂ ಅಂಕಿಯಲ್ಲಿ ಅದರ ಪಾಲು ಕಾಣದು. ಮಟ್ಟ ಒಂದೇ ಆದರೂ ಸದ್ದಿನ ಸ್ವರೂಪ ಮನಸ್ಸನ್ನು ಬೇರೆ ಬೇರೆಯಾಗಿ ತಟ್ಟುತ್ತದೆ. ಇಳಕಲ್ಲಿನಲ್ಲಿ ಒಂದು ಪವರ್‌ಲೂಮ್ ಮಾತ್ರ ಓಡುತ್ತಿದ್ದರೆ ಅದರ ಲಯದ ಬಡಿತ ಗಮನ ಹಿಡಿದಿಡುತ್ತದೆ, ಸಾಲಾಗಿ ಹಲವು ಮಗ್ಗಗಳು ಓಡುವ ಶೆಡ್ಡಿನಲ್ಲಿ ಬಿಡಿ ಬಡಿತ ಕೇಳದೆ ಒಂದೇ ಗದ್ದಲವಾಗುತ್ತದೆ. ಪ್ರೊಪೆಲ್ಲರ್ ಮತ್ತು ಗರಗಸದ ಸದ್ದು ಮೊದಲನೆಯ ಬಗೆ, ಗಾಳಿಯ ಭೋರ್ಗರೆತ ಎರಡನೆಯದು.

ಕಿವಿ ತಾನೂ ಹಾರಾಟದಲ್ಲಿ ಬದಲಾಗುತ್ತದೆ. ಜೆಟ್‌ನ ಒಳಗಿನ ಒತ್ತಡ ಮೇಲೇರಿದಾಗ ಸುಮಾರು 8,000 ಅಡಿ ಎತ್ತರದ ಬೆಟ್ಟದ ಮೇಲಿನ ಒತ್ತಡದವರೆಗೂ ಇಳಿಯಬಹುದು. ಇಳಿಯುವಾಗ ಒತ್ತಡ ಮತ್ತೆ ಏರಿ, ಗಂಟಲಿನಿಂದ ಕಿವಿಗೆ ಹೋಗುವ ನಾಳ ತೆರೆಯದಿದ್ದರೆ ಕಿವಿ ತಮಟೆ ಬಿಗಿದು ಎಲ್ಲವೂ ಮಂದವಾಗಿ ಕೇಳುತ್ತದೆ. ಆಕಳಿಸಿದಾಗ ಅದು ಬಿಡುವಾಯಿತೆಂದರೆ ಎಂಜಿನ್ ಒಮ್ಮೆಲೇ ಜೋರಾದಂತೆ ಭಾಸವಾಗುತ್ತದೆ, ಎಂಜಿನ್ನಿನಲ್ಲಿ ಏನೂ ಆಗಿರುವುದಿಲ್ಲ. ಮಂದ್ರ ಮತ್ತು ತೀಕ್ಷ್ಣ ಸ್ವರಗಳ ಭೇದ ಸದ್ದು ಅಳಿಸುವ ಹೆಡ್‌ಫೋನಿನ ಕೆಲಸದಲ್ಲಿಯೂ ಕಾಣುತ್ತದೆ. ಬಂಗಾಳಿ ಮೂಲದ ಅಮೆರಿಕನ್ ಎಂಜಿನಿಯರ್ ಅಮರ್ ಬೋಸ್ 1978ರಲ್ಲಿ ವಿಮಾನದಲ್ಲಿ ಕುಳಿತೇ ಅದರ ಗಣಿತ ಹಾಕತೊಡಗಿದರು. ಎದುರು ಅಲೆ ಹುಟ್ಟಿಸುವ ಆ ಸಾಧನ ಒಂದೇ ಸಮನಾದ ಮಂದ್ರ ಮೊರೆತವನ್ನು ಚೆನ್ನಾಗಿ ಅಳಿಸುತ್ತದೆ, ಮಗುವಿನ ಅಳುವನ್ನೂ ಪಕ್ಕದವರ ಮಾತನ್ನೂ ಅಷ್ಟಾಗಿ ಅಳಿಸದು. ಗೋಡೆ ತಡೆಯಲಾರದ ಸ್ವರಗಳಿಗೇ ಅದು ಹೇಳಿಮಾಡಿಸಿದ ಮದ್ದು.

ನಿಯಮಗಳು ಮತ್ತು ಪ್ರಯಾಣಿಕರ ಹಕ್ಕು

ಹೊಸ ವಿಮಾನಗಳು ಬಂದಂತೆ ಒಳಗಿನ ಸದ್ದಿನ ಪ್ರಶ್ನೆ ತಾನಾಗಿ ಬಗೆಹರಿಯುತ್ತದೆ ಎಂಬ ಭರವಸೆಯನ್ನು ಎಚ್ಚರದಿಂದ ಪರಿಶೀಲಿಸಬೇಕು. ಎಂಜಿನ್‌ಗಳು ಶಾಂತವಾಗಿವೆ, ನಿಜ. ಆದರೆ ಗಾಳಿಯ ಬಡಿತ ಎಂಜಿನ್ ಬದಲಿಸಿದರೆ ಹೋಗುವುದಿಲ್ಲ, ಹೊದಿಕೆಯ ತೂಕ ಉಳಿಸುವ ಒತ್ತಡವೂ ತಪ್ಪಿಲ್ಲ. ಮೊರೆತ ತಗ್ಗಿದರೆ ಅದು ಮುಚ್ಚಿಟ್ಟಿದ್ದ ಸದ್ದುಗಳು ಮೇಲೆ ಬರುತ್ತವೆ: ಎ380ರಂಥ ಶಾಂತ ವಿಮಾನದಲ್ಲಿ ಸಹಪ್ರಯಾಣಿಕರ ಮಾತು, ಗೊರಕೆ ಹೆಚ್ಚು ಕೇಳುತ್ತವೆಂಬ ದೂರು ಬಂದಿದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1971ರಲ್ಲಿ ಅಂಗೀಕರಿಸಿದ ಶಬ್ದ ನಿಯಮಗಳು ಬಿಗಿಯಾಗುತ್ತಲೇ ಬಂದಿವೆ. ಅವು ಅಳೆಯುವುದು ನೆಲದ ಮೇಲಿನ ಮೂರು ಸ್ಥಾನಗಳಲ್ಲಿ ಕೇಳುವ ಸದ್ದನ್ನು: ರನ್‌ವೇಯ ಪಕ್ಕ, ಟೇಕಾಫ್ ಹಾದಿಯ ಕೆಳಗೆ, ಇಳಿಯುವ ಹಾದಿಯ ಕೆಳಗೆ. ನಿಲ್ದಾಣದ ಸುತ್ತಲಿನ ಊರಿನವರಿಗೆ ಇದು ಅಗತ್ಯ ರಕ್ಷಣೆ. ಸೀಟಿನಲ್ಲಿ ಕುಳಿತವರ ಕಿವಿಯ ಬಗ್ಗೆ ಆ ನಿಯಮಗಳು ಮಿತಿ ಹಾಕುವುದಿಲ್ಲ. ಹೊರಗೆ ಶಾಂತವೆಂದು ಪ್ರಮಾಣಪತ್ರ ಪಡೆದ ವಿಮಾನ ಒಳಗೆ ಎಲ್ಲ ಸಾಲುಗಳಲ್ಲಿ ಶಾಂತ ಎಂದು ಅದರಿಂದ ತೀರ್ಮಾನಿಸಲಾಗದು.

ಒಂದು ಗಂಟೆಯ ಹಾರಾಟದಿಂದ ಕಿವಿ ಕೆಡುವುದಿಲ್ಲ. ಕಾರ್ಖಾನೆಗಳಲ್ಲಿ ಭಾರತದ ನಿಯಮ ದಿನಕ್ಕೆ 8 ಗಂಟೆಗೆ 90 ಡೆಸಿಬೆಲ್ ಮಿತಿ ಹೇಳುತ್ತದೆ, ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಎನ್‌ಐಒಎಸ್‌ಎಚ್ ತನ್ನ ಶಿಫಾರಸಿನಲ್ಲಿ 85 ಡೆಸಿಬೆಲ್ ಎನ್ನುತ್ತದೆ. ದಿನಕ್ಕೆ ಹಲವು ಸಲ ಹಾರುವ ಗಗನಸಖಿಯರಿಗೆ, ಸಿಬ್ಬಂದಿಗೆ ಆ ಮಿತಿ ದೂರದ ಮಾತಲ್ಲ. ಚಿಕ್ಕ ಮಕ್ಕಳು, ಶ್ರವಣ ಸಾಧನ ಬಳಸುವ ಹಿರಿಯರು, ಸದ್ದಿಗೆ ತಲೆನೋವು ಬರುವವರು ಸೀಟು ಆರಿಸುವಾಗ ಈ ತಿಳಿವು ನೇರ ಉಪಯೋಗದ್ದು. ಕಾಲು ಚಾಚುವ ಜಾಗವನ್ನು ಇಂಚಿನಲ್ಲಿ ಹೇಳಿ ಹೆಚ್ಚಿನ ಬೆಲೆಗೆ ಮಾರುವ ವ್ಯವಸ್ಥೆ, ಯಾವ ಸಾಲಿನಲ್ಲಿ ಯಾವ ಹಂತದಲ್ಲಿ ಎಷ್ಟು ಸದ್ದು ಎಂಬುದನ್ನೂ ಹೇಳಬಹುದು. ಆ ಅಳತೆಗೆ ಬೇಕಾದ ಉಪಕರಣ ಅಗ್ಗದ್ದು, ವಿಧಾನ ತಿಳಿದದ್ದು. ಅಂಥ ಪಟ್ಟಿ ಇದ್ದಿದ್ದರೆ ಇಳಕಲ್ಲಿನಿಂದ ಹೊರಟವರಿಗೆ ಎಟಿಆರ್ ಆದರೆ ಹಿಂದೆ, ಇಆರ್‌ಜೆ ಆದರೆ ಮುಂದೆ ಎಂಬ ಮಾತು ಟಿಕೆಟ್ ಕೊಳ್ಳುವಾಗಲೇ ಸಿಗುತ್ತಿತ್ತು. ಸದ್ದು ಏಕೆ ಬದಲಾಗುತ್ತದೆ ಎಂಬುದನ್ನು ವಿಜ್ಞಾನ ಎಪ್ಪತ್ತು ವರ್ಷಗಳಲ್ಲಿ ಸಾಕಷ್ಟು ಬಿಡಿಸಿ ಹೇಳಿದೆ. ಆ ತಿಳಿವು ಎಂಜಿನಿಯರುಗಳ ಕಡತದಿಂದ ಸೀಟಿನ ನಕ್ಷೆಗೆ ಬರಬೇಕಾದದ್ದು ಇನ್ನು ಉಳಿದ ಕೆಲಸ.